ಸಂಬಳ ಊರಿಗೆ, ಖರ್ಚು ಕಾರ್ಡಿಗೆ: ಮನೆಯವರಿಗೆ ಹೇಳದ ಸಾಲದ ಲೆಕ್ಕ

ನ್ಯೂಜೆರ್ಸಿಯ ಮೆಟ್ರೊಪಾರ್ಕ್ ನಿಲ್ದಾಣದಿಂದ ನ್ಯೂಯಾರ್ಕಿನ ಪೆನ್ ಸ್ಟೇಷನ್‌ಗೆ ರೈಲಿನಲ್ಲಿ ಹೆಚ್ಚೂ ಕಡಿಮೆ ಮುಕ್ಕಾಲು ಗಂಟೆಯ ದಾರಿ. ಎರಡು ವರ್ಷ ಆ ಮುಕ್ಕಾಲು ಗಂಟೆಯಲ್ಲಿ ನಾವು ಮಾಡುತ್ತಿದ್ದ ಕೆಲಸ ಒಂದೇ. ಯಾವ ಕಾರ್ಡಿಗೆ ಇವತ್ತು ಕಟ್ಟದಿದ್ದರೆ ದಂಡ ಬೀಳುತ್ತದೆ, ಯಾವ ಕಾರ್ಡಿನಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಫೋನಿನಲ್ಲಿ ನೋಡುವುದು. ಸಂಜೆ ಮನೆ ಬಾಗಿಲು ತೆಗೆಯುವ ಮೊದಲು ಆ ಪುಟಗಳನ್ನೆಲ್ಲ ಮುಚ್ಚುತ್ತಿದ್ದೆವು.

ನಾವು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ಹೊಟ್ಟೆಪಾಡು ಲೆಕ್ಕ ಬರೆಯುವುದು. ಫೆಬ್ರುವರಿ ಬಂದರೆ ಎಡಿಸನ್, ಐಸ್ಲಿನ್ ಕಡೆಯ ಪರಿಚಯದವರೆಲ್ಲ ತೆರಿಗೆ ವಿಷಯ ಕೇಳಲು ಫೋನ್ ಮಾಡುತ್ತಾರೆ. ಬೇರೆಯವರ ಲೆಕ್ಕದಲ್ಲಿ ಹತ್ತು ಡಾಲರ್ ಆಚೀಚೆ ಆದರೆ ನಮಗೆ ನಿದ್ದೆ ಬರುವುದಿಲ್ಲ. ಅಂಥ ನಾವೇ 41,600 ಡಾಲರ್ ಸಾಲವನ್ನು ಹೆಂಡತಿಗೆ ಹೇಳದೆ ಮುಚ್ಚಿಟ್ಟಿದ್ದೆವು. ಹೊರದೇಶದಲ್ಲಿ ದುಡಿಯುವವರು ನಿಮ್ಮ ಮನೆಯಲ್ಲೂ ಇರುವುದರಿಂದ ಇದನ್ನು ಬರೆಯುತ್ತಿದ್ದೇವೆ. ನಮ್ಮ ಮನೆಯವರು ಓದಿ ಒಪ್ಪಿದ ಮೇಲೆಯೇ ಕಳಿಸಿದ್ದೇವೆ.

ಬೆಳೆದದ್ದು ಹೇಗೆ?

ಜೂಜಿಲ್ಲ, ಷೇರು ಪೇಟೆಯಿಲ್ಲ, ಕೆಟ್ಟ ಚಟವಿಲ್ಲ. 2021ರ ಕೊನೆಯಲ್ಲಿ ತಂದೆಯವರಿಗೆ ಬೆಂಗಳೂರಿನಲ್ಲಿ ಬೈಪಾಸ್ ಆಯಿತು. ವಿಮೆ ಕಳೆದು ಉಳಿದ 9 ಲಕ್ಷ ರೂಪಾಯಿಯನ್ನು ಇಲ್ಲಿಂದ ಕಳಿಸಿದೆವು. ಮರುವರ್ಷ ದಾವಣಗೆರೆಯ ಮನೆಗೆ ಮೇಲಂತಸ್ತು ಹಾಕಿಸಲು ಎಂಟು ಲಕ್ಷ. ಅದೇ ಡಿಸೆಂಬರಿನಲ್ಲಿ ನಾಲ್ಕು ಜನ ಊರಿಗೆ ಬಂದು ಹೋದ ಟಿಕೆಟ್ಟಿಗೆ ಏಳು ಸಾವಿರ ಡಾಲರ್. ಪ್ರತಿ ತಿಂಗಳು ತಂದೆಯವರ ಖಾತೆಗೆ 400 ಡಾಲರ್ ಹೋಗುತ್ತಲೇ ಇತ್ತು.

ಊರಿಗೆ ಕಳಿಸುವ ಹಣವನ್ನು ನೇರವಾಗಿ ಕಾರ್ಡಿನಿಂದ ತೆಗೆಯಲಿಲ್ಲ. ಸಂಬಳ ಊರಿಗೆ ಹೋಯಿತು, ಇಲ್ಲಿನ ದಿನಸಿ, ಪೆಟ್ರೋಲು, ಮಗಳ ಹಲ್ಲಿನ ಕ್ಲಿಪ್ಪು ಎಲ್ಲವೂ ಕಾರ್ಡಿಗೆ ಹೋಯಿತು. ಹೀಗಾಗಿ ಸಾಲ ಮಾಡುತ್ತಿದ್ದೇವೆ ಎಂದು ನಮಗೇ ಅನಿಸಲಿಲ್ಲ. ಒಂದು ಕಾರ್ಡ್ ತುಂಬಿತು. ಮೊದಲ ಹದಿನೈದು ತಿಂಗಳು ಬಡ್ಡಿ ಇಲ್ಲ ಎಂಬ ಇನ್ನೊಂದು ಕಾರ್ಡಿಗೆ ಆ ಬಾಕಿಯನ್ನು ವರ್ಗಾಯಿಸಿದೆವು. ವರ್ಗಾವಣೆಗೇ ನೂರಕ್ಕೆ ಮೂರರಿಂದ ಐದು ಶುಲ್ಕ. ಅವಧಿ ಮುಗಿದಾಗ ಮತ್ತೊಂದು ಕಾರ್ಡ್. ಊರಿನಲ್ಲಿ ಒಂದು ಚೀಟಿ ಎತ್ತಿ ಇನ್ನೊಂದು ಚೀಟಿಗೆ ಕಟ್ಟುವವರನ್ನು ಕಂಡು ನಗುತ್ತಿದ್ದವರು ಇಲ್ಲಿ ಅದನ್ನೇ ಮಾಡಿದೆವು.

ಹೀಗೆ ಸಿಕ್ಕಿಬಿದ್ದವರು ನಾವೊಬ್ಬರೇ ಅಲ್ಲ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಈ ದೇಶದ ಮನೆ ಸಾಲಗಳ ವರದಿ ಕೊಡುತ್ತದೆ. ಅಮೆರಿಕದವರ ಕ್ರೆಡಿಟ್ ಕಾರ್ಡ್ ಬಾಕಿ 2023ರಲ್ಲಿ ಮೊದಲ ಬಾರಿಗೆ ಒಂದು ಲಕ್ಷ ಕೋಟಿ ಡಾಲರ್ ದಾಟಿತು. 2024ರ ಕೊನೆಗೆ 1.21 ಲಕ್ಷ ಕೋಟಿ ಆಯಿತು. ಅದೇ ಹೊತ್ತಿಗೆ ಕಾರ್ಡಿನ ಸರಾಸರಿ ಬಡ್ಡಿ ಶೇ 20ರ ಮೇಲೆ ಹೋಯಿತು. ನಮ್ಮ ಕಾರ್ಡುಗಳದು ಶೇ 24.

ಯಾಕೆ ಹೇಳಲಿಲ್ಲ?

ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ ಹಣ ಮುಚ್ಚಿಡುತ್ತಿದ್ದರು. ಕಷ್ಟ ಬಂದ ದಿನ ಆ ಡಬ್ಬಿ ಮನೆಯನ್ನು ಕಾಯುತ್ತಿತ್ತು. ನಾವು ಮುಚ್ಚಿಟ್ಟದ್ದು ಸಾಲವನ್ನು. ಇಲ್ಲಿ ಅದು ಬಹಳ ಸುಲಭ. ಬಿಲ್ಲು ಕಾಗದದಲ್ಲಿ ಬೇಡ ಎಂದರೆ ಅಂಚೆ ಡಬ್ಬಿಗೆ ಏನೂ ಬರುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ಇಲ್ಲಿ ಗಂಡ ಹೆಂಡತಿ ಒಟ್ಟಿಗೆ ತೆರಿಗೆ ಲೆಕ್ಕ ಸಲ್ಲಿಸುವುದು ರೂಢಿ. ಇಬ್ಬರೂ ಸಹಿ ಹಾಕುತ್ತಾರೆ. ಆದರೆ ಕಾರ್ಡಿಗೆ ಕಟ್ಟಿದ ಬಡ್ಡಿಯನ್ನು ಆದಾಯದಲ್ಲಿ ಕಳೆಯುವ ಸೌಲಭ್ಯವನ್ನು 1986ರ ತೆರಿಗೆ ಕಾನೂನು ತೆಗೆದುಹಾಕಿತು. ಆದ್ದರಿಂದ ಆ ಬಡ್ಡಿ ರಿಟರ್ನಿನ ಯಾವ ಸಾಲಿನಲ್ಲೂ ಕಾಣುವುದಿಲ್ಲ. ನಮ್ಮ ಮನೆಯವರು ಎರಡು ವರ್ಷ ನಂಬಿ ಸಹಿ ಹಾಕಿದ ಕಾಗದದಲ್ಲಿ ಸಂಬಳವಿತ್ತು, ಸಾಲವಿರಲಿಲ್ಲ. ಅದು ನಮಗೆ ಗೊತ್ತಿತ್ತು.

ಯಾಕೆ ಹೇಳಲಿಲ್ಲ ಎಂದರೆ ಮೊದಮೊದಲು ಬೋನಸ್ ಬಂದಾಗ ತೀರಿಸಿಬಿಡೋಣ ಎಂಬ ಲೆಕ್ಕ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಭಯ. ಅವರು ಎಚ್-4 ವೀಸಾದಲ್ಲಿ ಬಂದವರು. ಗ್ರೀನ್ ಕಾರ್ಡಿನ ಹಾದಿಯಲ್ಲಿರುವವರ ಸಂಗಾತಿಗಳಿಗೆ 2015ರಲ್ಲಿ ಕೆಲಸದ ಪರವಾನಗಿ ಸಿಗುವವರೆಗೆ ಮನೆಯಲ್ಲೇ ಇದ್ದರು. ಸಂಸಾರ ನಮ್ಮ ಸಂಬಳದ ಮೇಲೆ ನಿಂತಿದೆ ಎಂಬ ಬಿಗುಮಾನ ನಮ್ಮಲ್ಲಿತ್ತು. ಅದನ್ನು ಜವಾಬ್ದಾರಿ ಎಂದು ಕರೆದುಕೊಳ್ಳುತ್ತಿದ್ದೆವು.

ಕಾರು ಅಂಗಡಿಯಲ್ಲಿ ಹೊರಬಿತ್ತು

2024ರ ಮಾರ್ಚಿನಲ್ಲಿ ಅವರ ಶಿಶುವಿಹಾರದ ಕೆಲಸಕ್ಕೆ ಹೋಗಿ ಬರಲು ಒಂದು ಹಳೆಯ ಕಾರು ನೋಡಲು ಹೋದೆವು. ಇಬ್ಬರ ಹೆಸರಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದೆವು. ಅಂಗಡಿಯವನು ಪರದೆ ನೋಡಿ, ಐದು ಕಾರ್ಡಿನ ಬಾಕಿ ಇಷ್ಟಿರುವಾಗ ಕಡಿಮೆ ಬಡ್ಡಿಗೆ ಸಾಲ ಸಿಗುವುದಿಲ್ಲ ಎಂದ. ಅವರು ಅಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಮಕ್ಕಳು ಮಲಗಿದ ಮೇಲೆ ಕೇಳಿದ ಮೊದಲ ಪ್ರಶ್ನೆ ಮೊತ್ತ ಎಷ್ಟು ಎಂದಲ್ಲ.

"ರೀ, ಹೋದ ದೀಪಾವಳಿಗೆ ನಮ್ಮಮ್ಮನಿಗೆ ಕಣ್ಣಿನ ಆಪರೇಷನ್ನಿಗೆ ಹಣ ಕಳಿಸೋಣವಾ ಅಂದಾಗ ಹೂಂ ಅಂದ್ರಲ್ಲ, ಅದೂ ಸಾಲದ್ದೇನಾ?"

ಹೌದು ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಗೊತ್ತಿದ್ದಿದ್ದರೆ ನಾನೇ ಬೇಡ ಅಂತಿದ್ದೆ. ಅಣ್ಣನ ಹತ್ರ ಕೇಳ್ತಿದ್ದೆ. ನನ್ನ ಕೈಯಲ್ಲೂ ಸಾಲ ಮಾಡಿಸಿದ್ರಿ" ಎಂದರು. ಆ ಮಾತಿಗೆ ಈಗಲೂ ನಮ್ಮಲ್ಲಿ ಉತ್ತರವಿಲ್ಲ.

ಗುಟ್ಟಿಗೂ ಬಡ್ಡಿ ಇದೆ

ಲೆಕ್ಕದವರಾಗಿ ಹೇಳುವುದಾದರೆ, ಶೇ 24ಕ್ಕಿಂತ ದುಬಾರಿಯಾದದ್ದು ಆ ಗುಟ್ಟು. ಸಾಲ ಗುಟ್ಟಾಗಿದ್ದಾಗ ಮನೆ ಖರ್ಚು ಕಡಿಮೆ ಮಾಡಲು ಆಗುವುದಿಲ್ಲ, ಯಾಕೆ ಎಂದು ಕೇಳುತ್ತಾರೆ. ಊರಿನಿಂದ ಬಂದ ಕೋರಿಕೆಗೆ ಇಲ್ಲ ಎನ್ನಲು ಆಗುವುದಿಲ್ಲ. ಸಲಹೆಗಾರರ ಹತ್ತಿರ ಹೋಗಲು ಆಗುವುದಿಲ್ಲ. ಕನಿಷ್ಠ ಮೊತ್ತ ಕಟ್ಟಿ ದಿನ ದೂಡುವುದೊಂದೇ ಉಳಿಯುವ ದಾರಿ.

ಆ ದಾರಿಯ ಉದ್ದ ನೋಡಿ. ಶೇ 24 ಬಡ್ಡಿಯ 10,000 ಡಾಲರ್ ಸಾಲಕ್ಕೆ ಕನಿಷ್ಠ ಮೊತ್ತ ಸಾಮಾನ್ಯವಾಗಿ ಆ ತಿಂಗಳ ಬಡ್ಡಿ ಮತ್ತು ಅಸಲಿನಲ್ಲಿ ನೂರಕ್ಕೆ ಒಂದು. ಮೊದಲ ತಿಂಗಳು 300 ಡಾಲರ್ ಕಟ್ಟಿದರೆ 200 ಬಡ್ಡಿಗೇ ಹೋಯಿತು. ಹೀಗೇ ಕಟ್ಟುತ್ತ ಹೋದರೆ ಹೊಸದಾಗಿ ಒಂದು ಡಾಲರ್ ಖರ್ಚು ಮಾಡದಿದ್ದರೂ ತೀರಲು ಇಪ್ಪತ್ತು ವರ್ಷ ದಾಟುತ್ತದೆ, ಬಡ್ಡಿಯೇ ಸುಮಾರು 18,000 ಡಾಲರ್ ಆಗುತ್ತದೆ. ಅದೇ ಸಾಲಕ್ಕೆ ತಿಂಗಳಿಗೆ 392 ಡಾಲರ್ ಕಟ್ಟಿದರೆ ಮೂರೇ ವರ್ಷ. 2009ರ ಕಾರ್ಡ್ ಕಾನೂನಿನ ಪ್ರಕಾರ ಈ ಎರಡೂ ಲೆಕ್ಕವನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಬೇಕು. ಎರಡು ವರ್ಷ ನಾವು ಆ ಚೌಕದ ಮೇಲೆ ಕಣ್ಣಾಡಿಸಲಿಲ್ಲ.

ಹೇಳಿದ ಮೇಲೆ

ಅದೇ ಬಿಲ್ಲಿನಲ್ಲಿ ಸಾಲ ಸಲಹಾ ಸಂಸ್ಥೆಗಳ ಮಾಹಿತಿಗೆ ಒಂದು ಉಚಿತ ಫೋನ್ ನಂಬರ್ ಇರುತ್ತದೆ. ಅದಕ್ಕೆ ಫೋನ್ ಮಾಡಿದವರು ನಮ್ಮ ಮನೆಯವರು. ಲಾಭದ ಉದ್ದೇಶವಿಲ್ಲದ ಇಂಥ ಸಂಸ್ಥೆಗಳ ಒಕ್ಕೂಟ ಇಲ್ಲಿ 1951ರಿಂದಲೂ ಇದೆ. ಅವರು ಮನೆಯ ಆದಾಯ, ಖರ್ಚು ಎರಡನ್ನೂ ಬರೆಸಿಕೊಂಡು ಕಾರ್ಡ್ ಕಂಪನಿಗಳ ಜೊತೆ ಮಾತಾಡಿ ಬಡ್ಡಿ ಇಳಿಸಲು ಕೇಳುತ್ತಾರೆ. ಒಪ್ಪುವುದು ಬಿಡುವುದು ಕಂಪನಿಗೆ ಬಿಟ್ಟದ್ದು. ನಮಗೆ ಸರಾಸರಿ ಶೇ 8ಕ್ಕೆ ಇಳಿಯಿತು. ಕಾರ್ಡುಗಳನ್ನು ಮುಚ್ಚಿದರು, ತಿಂಗಳಿಗೊಂದು ಸಣ್ಣ ಶುಲ್ಕವಿದೆ.

ಮೊದಲು ಐದು ಕಾರ್ಡಿಗೆ ಸೇರಿ ಕನಿಷ್ಠವೆಂದು ಕಟ್ಟುತ್ತಿದ್ದದ್ದು ತಿಂಗಳಿಗೆ 1,250 ಡಾಲರ್. ಈಗಲೂ ಅಷ್ಟೇ ಕಟ್ಟುತ್ತೇವೆ. ಹಳೆಯ ಬಡ್ಡಿಯಲ್ಲಾದರೆ, ಇದೇ ಮೊತ್ತವನ್ನು ಒಂದು ತಿಂಗಳೂ ತಪ್ಪದೆ ಕಟ್ಟಿದರೂ 55 ತಿಂಗಳು ಬೇಕಿತ್ತು, ಬಡ್ಡಿ 27,000 ಡಾಲರ್ ದಾಟುತ್ತಿತ್ತು. ಈಗ 38 ಕಂತು, ಬಡ್ಡಿ 5,600ರ ಆಸುಪಾಸು. ಎರಡರ ನಡುವಿನ ಅಂತರ ಸುಮಾರು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದರ ಬೆಲೆ ಎಂದು ನಮ್ಮ ಮನೆಯವರು ಹೇಳುತ್ತಾರೆ.

ಆಮೇಲಿನ ಭಾನುವಾರ ಇಬ್ಬರೂ ಕೂತು ದಾವಣಗೆರೆಗೆ ಫೋನ್ ಮಾಡಿದೆವು. ತಂದೆಯವರು ಎಲ್ಲ ಕೇಳಿ, "ಮೊದಲೇ ಹೇಳಬಾರದಿತ್ತೇನಪ್ಪಾ? ನೀನು ತಿಂಗಳು ತಿಂಗಳು ಕಳಿಸೋದು ನಮ್ಮಿಬ್ಬರಿಗೆ ಹೆಚ್ಚಾಗ್ತಿತ್ತು. ಮಗುವಿಗೆ ಆಗಲಿ ಅಂತ ಎಫ್.ಡಿ. ಇಟ್ಟಿದ್ದೀನಿ" ಎಂದರು. ಇಲ್ಲಿ ಶೇ 24ಕ್ಕೆ ಸಾಲ ಹೊತ್ತು ಕಳಿಸಿದ ಹಣ ಅಲ್ಲಿ ಶೇ 7ಕ್ಕೆ ಬ್ಯಾಂಕಿನಲ್ಲಿ ಕೂತಿತ್ತು. ಎಫ್.ಡಿ. ಮುರಿಸಲಿಲ್ಲ. ತಿಂಗಳ 400 ಡಾಲರ್ ಮಾತ್ರ ನಿಲ್ಲಿಸಿದೆವು. ಎರಡು ವರ್ಷ ಊರಿಗೆ ಬರಲಿಲ್ಲ.

ಹುಷಾರಾಗಿರಬೇಕಾದ ಕಡೆ

ಇದೇ ಸ್ಥಿತಿಯಲ್ಲಿರುವವರಿಗೆ ಕೆಲವು ಮಾತು. ನಿವೃತ್ತಿ ಖಾತೆಯಾದ 401(ಕೆ)ಯಿಂದ ಸಾಲ ತೆಗೆಯುವುದು ಸುಲಭ. ಆದರೆ ಕೆಲಸ ಹೋದರೆ ಬಾಕಿಯನ್ನು ಮುಂದಿನ ತೆರಿಗೆ ಗಡುವಿನೊಳಗೆ ತುಂಬದಿದ್ದಲ್ಲಿ ಅದು ಆದಾಯವಾಗುತ್ತದೆ, ವಯಸ್ಸು ಕಡಿಮೆಯಿದ್ದರೆ ಸಾಮಾನ್ಯವಾಗಿ ಶೇ 10 ದಂಡವೂ ಸೇರುತ್ತದೆ. ಎಚ್-1ಬಿ ನೌಕರನಿಗೆ ಕೆಲಸ ಹೋದ ಮೇಲೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಎರಡೂ ಒಟ್ಟಿಗೆ ಬಂದರೆ ತಡೆದುಕೊಳ್ಳುವುದು ಕಷ್ಟ.

ಸಾಲವನ್ನು ಅರ್ಧಕ್ಕೆ ಇಳಿಸಿ ಕೊಡುತ್ತೇವೆ ಎಂದು ಫೋನ್ ಮಾಡುವ ಕಂಪನಿಗಳು ಮೊದಲೇ ಹಣ ಕೇಳಿದರೆ ಫೋನ್ ಇಟ್ಟುಬಿಡಿ. ಹಾಗೆ ಮುಂಗಡ ಶುಲ್ಕ ಪಡೆಯುವುದನ್ನು 2010ರಲ್ಲೇ ನಿಷೇಧಿಸಲಾಗಿದೆ. ಕಾರ್ಡ್ ಕಂಪನಿ ಬಿಟ್ಟುಕೊಟ್ಟ ಸಾಲವೂ ಸಾಮಾನ್ಯವಾಗಿ ಆದಾಯವೇ, ಅದಕ್ಕೆ ತೆರಿಗೆ ಬೀಳುತ್ತದೆ.

ಸಂಗಾತಿಗಳೂ ತಿಳಿದಿರಬೇಕಾದದ್ದಿದೆ. ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಒಬ್ಬರ ಹೆಸರಿನ ಕಾರ್ಡಿನ ಸಾಲಕ್ಕೆ ಸಾಮಾನ್ಯವಾಗಿ ಅವರೊಬ್ಬರೇ ಹೊಣೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಕಾನೂನು ಬೇರೆ. ಒಟ್ಟಿಗೆ ಸಹಿ ಹಾಕಿದ ತೆರಿಗೆಗೆ ಮಾತ್ರ ಎಲ್ಲ ಕಡೆ ಇಬ್ಬರೂ ಹೊಣೆ. ನಿಮ್ಮ ಹೆಸರಿನಲ್ಲಿ ಯಾವ ಸಾಲವಿದೆ ಎಂದು ತೋರಿಸುವ ಕ್ರೆಡಿಟ್ ರಿಪೋರ್ಟ್ ಈಗ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಸಾಲದ ಚಿಂತೆಯಲ್ಲಿ ಬದುಕೇ ಬೇಡ ಅನಿಸಿದರೆ ಇಲ್ಲಿ 988, ಭಾರತದಲ್ಲಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ. ನಮಗೂ ರೈಲಿನಲ್ಲಿ ಅಂಥ ಒಂದೆರಡು ಬೆಳಗು ಕಳೆದಿವೆ.

ಊರಿನವರಿಗೆ ಒಂದು ಮಾತು

ಡಾಲರ್‌ಗೆ ಎಂಬತ್ತು ರೂಪಾಯಿ ದಾಟಿದಾಗ ಊರಿನಲ್ಲಿ ಖುಷಿಪಟ್ಟರು. ಆದರೆ ಇಲ್ಲಿನ ಬಾಡಿಗೆ, ಹಾಲು, ರೈಲಿನ ಪಾಸು ಎಲ್ಲ ಡಾಲರಿನಲ್ಲೇ. ಮಗನೋ ಅಳಿಯನೋ ಕೇಳಿದ ತಕ್ಷಣ ಹೂಂ ಎಂದು ಹಣ ಕಳಿಸಿದರೆ, ಮುಂದಿನ ಸಲ ಮಾತಾಡುವಾಗ "ಇದು ಸಂಬಳದ್ದಾ, ಸಾಲದ್ದಾ?" ಎಂದು ಕೇಳಿ. ಅವನ ಹೆಂಡತಿಯೂ ಪಕ್ಕದಲ್ಲಿರುವಾಗ ಕೇಳಿ. ಹಣ ಬೇಕಾಗಿಲ್ಲದಿದ್ದರೆ ಬೇಕಾಗಿಲ್ಲ ಎಂದು ಹೇಳಿ.

ನಮ್ಮ ಮನೆಯಲ್ಲಿ ಎಲ್ಲ ಮೊದಲಿನಂತಾಗಿದೆ ಎಂದರೆ ಸುಳ್ಳಾಗುತ್ತದೆ. ತಿಂಗಳ ಮೊದಲ ಭಾನುವಾರ ತಿಂಡಿ ಆದ ಮೇಲೆ ನಮ್ಮ ಮನೆಯವರು ಇಬ್ಬರ ಕ್ರೆಡಿಟ್ ರಿಪೋರ್ಟನ್ನೂ ತಾವೇ ತೆಗೆದು ನೋಡುತ್ತಾರೆ. ನಾವು ಎದುರಿಗೆ ಕೂತಿರುತ್ತೇವೆ. ಮೊದಲು ಮುಜುಗರವಾಗುತ್ತಿತ್ತು. ಈಗ ಆ ಹೊತ್ತಿಗೆ ಕಾಫಿ ನಾವೇ ಮಾಡುತ್ತೇವೆ. 24 ಕಂತು ಕಟ್ಟಿಯಾಗಿದೆ, ಇನ್ನು ಹದಿನಾಲ್ಕು ಬಾಕಿ.