ಜನರ ರೈಲಿನಲ್ಲಿ ಸಾಮಾನಿನ ಸಾಗಾಟ

ಮನೆಗೆ ಬೇಕಾದ ಪದಾರ್ಥವು ಮನೆಯ ಬಾಗಿಲಿಗೇ ಬಂದು ಸೇರುವುದು ಈ ಕಾಲದ ಗೃಹಸ್ಥರಿಗೆ ಒದಗಿರುವ ಅನುಕೂಲಗಳಲ್ಲಿ ಒಂದು. ಔಷಧವಾಗಲಿ, ಪುಸ್ತಕವಾಗಲಿ, ಮಕ್ಕಳ ಉಡುಪಾಗಲಿ, ಅದನ್ನು ತರಲು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳು ಪೇಟೆಗೆ ಹೋಗಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಪದಾರ್ಥವು ತಾನಾಗಿ ಹಾರಿ ಬರುವುದಿಲ್ಲವಷ್ಟೆ. ಯಾರೋ ಒಬ್ಬ ಯುವಕನು ದೊಡ್ಡ ಚೀಲವನ್ನು ಬೆನ್ನಿಗೆ ಬಿಗಿದು, ಬಿಸಿಲು ಮಳೆಗಳನ್ನು ಲೆಕ್ಕಿಸದೆ, ಸಿಲ್ಕ್ ಬೋರ್ಡ್ ಕೂಡುರಸ್ತೆಯ ವಾಹನಗಳ ನಡುವೆ ನುಸುಳಿ ಅದನ್ನು ತರಬೇಕು. ಅದೇ ರಸ್ತೆಯ ಮೇಲ್ಗಡೆ, ಕಂಬಗಳ ಮೇಲೆ ಹಾಸಿದ ಹಳಿಗಳಲ್ಲಿ, ವಿದ್ಯುತ್ ರೈಲುಗಳು ವಾಹನಗಳ ತಡೆಯಿಲ್ಲದೆ ಓಡುತ್ತಿವೆ.

ನಮ್ಮ ಮೆಟ್ರೋದ ಹಸಿರು ಮಾರ್ಗವು 2017ರ ಜೂನ್ ತಿಂಗಳಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ದಾಟಿ ಯಲಚೇನಹಳ್ಳಿಯನ್ನು ಮುಟ್ಟಿತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಹೊರಟು, ರಾಗಿಗುಡ್ಡ, ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡ್‌ಗಳ ಮೂಲಕ 19 ಕಿಲೋಮೀಟರುಗಳಷ್ಟು ಸಾಗಿ ಬೊಮ್ಮಸಂದ್ರವನ್ನು ಸೇರುತ್ತದೆ. ಬೆಳಗ್ಗೆ ಸಂಜೆಗಳಲ್ಲಿ ಕಿಕ್ಕಿರಿಯುವ ಗಾಡಿಗಳು ನಡುಹಗಲಿನಲ್ಲಿ ಅಷ್ಟಾಗಿ ತುಂಬಿರುವುದಿಲ್ಲ. ಆ ಹೊತ್ತಿನಲ್ಲಿ ಇವು ಪಾರ್ಸಲುಗಳನ್ನೇಕೆ ಹೊರಬಾರದು ಎಂಬ ಪ್ರಶ್ನೆಯು ಏಳುವುದು ಸಹಜವೇ ಆಗಿದೆ.

ವಿದ್ಯುತ್ ರೈಲು ಗಂಟುಮೂಟೆಗಳನ್ನು ಹೊರುವುದು ಹೊಸ ಸಂಗತಿಯೇನೂ ಅಲ್ಲ. ಭಾರತದಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ಓಡಿತು. ಆ ನಗರದ ಡಬ್ಬಾವಾಲರು ಮನೆಯೂಟದ ಡಬ್ಬಿಗಳನ್ನು ಕಚೇರಿಗಳಿಗೆ ಮುಟ್ಟಿಸುವುದು ಇಂಥ ರೈಲುಗಳ ಸಾಮಾನಿನ ವಿಭಾಗದಲ್ಲಿಯೇ. ಲಂಡನ್ನಿನ ಅಂಚೆ ಇಲಾಖೆಯು 1927ರಿಂದ 2003ರ ವರೆಗೆ ನೆಲದೊಳಗೆ ಚಾಲಕರಿಲ್ಲದ ಪುಟ್ಟ ವಿದ್ಯುತ್ ರೈಲುಗಳಲ್ಲಿ ಅಂಚೆಯ ಚೀಲಗಳನ್ನು ಸಾಗಿಸಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ 2003ರಿಂದ ಹಳೆಯ ಟ್ರಾಮುಗಳು ಮನೆಗಳ ಹಳೆಯ ಮಂಚ, ಕುರ್ಚಿ ಮುಂತಾದ ದೊಡ್ಡ ಕಸವನ್ನು ಹೊರುವ ಕೆಲಸಕ್ಕೆ ಬಂದವು. ದೆಹಲಿಯ ಮೆಟ್ರೋ ಸಂಸ್ಥೆಯು 2025ರಲ್ಲಿ ಬ್ಲೂ ಡಾರ್ಟ್ ಸಂಸ್ಥೆಯೊಡನೆ ಪಾರ್ಸಲು ಸಾಗಾಟಕ್ಕಾಗಿ ಒಡಂಬಡಿಕೆ ಮಾಡಿಕೊಂಡಿತು.

ಜನರ ಗಾಡಿಯನ್ನು ಸಾಮಾನಿನ ಗಾಡಿಯಾಗಿ ಮಾರ್ಪಡಿಸುವ ಕ್ರಮಕ್ಕೆ ಇಂಗ್ಲೆಂಡು ಒಳ್ಳೆಯ ನಿದರ್ಶನ. ಅಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಕಟ್ಟತೊಡಗಿದ 321 ಎಂಬ ವರ್ಗದ ನಾಲ್ಕು ಗಾಡಿಗಳ ವಿದ್ಯುತ್ ರೈಲುಗಳಲ್ಲಿ ಕೆಲವನ್ನು ಆಸನಗಳನ್ನು ಕಿತ್ತು, ನೆಲವನ್ನು ಅಣಿಗೊಳಿಸಿ, ಗಾಲಿಗಳುಳ್ಳ ಪಂಜರಗಳನ್ನು ಭದ್ರವಾಗಿ ನಿಲ್ಲಿಸುವ ಏರ್ಪಾಡು ಮಾಡಿ ಪಾರ್ಸಲು ರೈಲುಗಳನ್ನಾಗಿ ಮಾಡಿದರು. 2023ರ ಆರಂಭದಲ್ಲಿ ಇಂಥ ರೈಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಸ್ಕಾಟ್ಲೆಂಡಿಗೆ ಓಡಾಡತೊಡಗಿತು. ಈ ರೈಲುಗಳಿಗೆ ಬೇರೆ ಎಂಜಿನು ಬೇಡ. ಮೋಟಾರುಗಳು ಗಾಡಿಯ ತಳದಲ್ಲಿಯೇ ಇರುತ್ತವೆ. ಎರಡು ತುದಿಗಳಲ್ಲಿಯೂ ಚಾಲಕನ ಕೋಣೆ ಇರುವುದರಿಂದ ಎಂಜಿನನ್ನು ತಿರುಗಿಸಿ ಜೋಡಿಸುವ ಕೆಲಸವೂ ಉಳಿಯುತ್ತದೆ.

ಭಾರದ ವಿಷಯದಲ್ಲಿ ಚಿಂತೆಗೆ ಕಾರಣ ಕಡಮೆ. ನಮ್ಮ ಆರು ಗಾಡಿಗಳ ಮೆಟ್ರೋ ರೈಲು ಸುಮಾರು 2,000 ಜನರನ್ನು ಹೊರಬಲ್ಲದು. ಒಬ್ಬರಿಗೆ 65 ಕಿಲೋ ಎಂದು ಹಿಡಿದರೆ ಇದು 130 ಟನ್ನುಗಳಾಯಿತು. ಪಾರ್ಸಲುಗಳು ಸಾಮಾನ್ಯವಾಗಿ ಗಾತ್ರದಲ್ಲಿ ಹಿರಿದು, ತೂಕದಲ್ಲಿ ಹಗುರ. ಆದ್ದರಿಂದ ಭಾರವು ಮಿತಿ ಮುಟ್ಟುವುದಕ್ಕೆ ಮೊದಲೇ ಸ್ಥಳವು ತುಂಬಿಹೋಗುತ್ತದೆ.

ನಿಜವಾದ ತೊಡಕು ಬೇರೆಡೆ ಇದೆ: ರೈಲು ನಡುದಾರಿಯಲ್ಲಿ ಕೆಟ್ಟು ನಿಂತರೆ ಮಾಡುವುದೇನು? ರಸ್ತೆಯಲ್ಲಿ ಲಾರಿಯೊಂದು ಕೆಟ್ಟರೆ ಹಿಂದಿನ ವಾಹನಗಳು ಪಕ್ಕದಿಂದ ಸಾಗಿಹೋಗುತ್ತವೆ. ಮೆಟ್ರೋದಲ್ಲಿ ಹೋಗುವುದಕ್ಕೊಂದು ಹಳಿ, ಬರುವುದಕ್ಕೊಂದು ಹಳಿ. ಒಂದು ರೈಲು ನಿಂತಿತೆಂದರೆ ಹಿಂದಿನವೆಲ್ಲವೂ ನಿಂತಂತೆಯೇ.

ಕೆಡುಕುಗಳಲ್ಲಿ ತರತಮವುಂಟು. ಬಾಗಿಲೊಂದು ಮುಚ್ಚದಿದ್ದರೆ ಅದನ್ನು ಬೀಗ ಹಾಕಿ ಪ್ರತ್ಯೇಕಿಸಿ ಮುಂದುವರಿಯಬಹುದು. ಒಂದು ಗಾಡಿಯ ಮೋಟಾರು ಸುಮ್ಮನಾದರೆ ಉಳಿದವು ರೈಲನ್ನು ಎಳೆಯುತ್ತವೆ. ಹಿಡಿದ ಬ್ರೇಕು ಬಿಡದಿದ್ದರೆ ಮಾತ್ರ ಹೆಚ್ಚು ಕಾಲ ಹಿಡಿಯುತ್ತದೆ. ಚಾಲಕನು ಕೂಡಲೇ ನಿಯಂತ್ರಣ ಕೊಠಡಿಗೆ ವರದಿ ಮಾಡಿ, ಅಲ್ಲಿಯ ಸೂಚನೆಯಂತೆ ಪ್ರಯತ್ನಿಸುವನು. ಯಾವುದೂ ಫಲಿಸದಿದ್ದರೆ ಮತ್ತೊಂದು ರೈಲಿನ ಪ್ರಯಾಣಿಕರನ್ನು ನಿಲ್ದಾಣದಲ್ಲಿ ಇಳಿಸಿ, ಆ ರೈಲನ್ನು ಕೆಟ್ಟ ರೈಲಿಗೆ ಜೋಡಿಸಿ, ಪಕ್ಕದ ತಂಗುಹಳಿಗೋ ಡಿಪೋಗೋ ಸಾಗಿಸಬೇಕು. ಎರಡರ ಕೊಂಡಿಗಳೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ನಡುವೆ ಹಾಕಲು ಬೇರೆ ಕೊಂಡಿಯು ಸಿದ್ಧವಿರಬೇಕು. ಜನರನ್ನು ಹಳಿಯ ಮಗ್ಗುಲಿಗೆ ಇಳಿಸಬೇಕಾಗಿ ಬಂದರಂತೂ ಮೊದಲು ವಿದ್ಯುತ್ತನ್ನು ಕಡಿದು, ಕಡಿದದ್ದನ್ನು ಖಚಿತಪಡಿಸಿಕೊಳ್ಳಬೇಕು. ಏಕೆಂದರೆ ನಮ್ಮ ಮೆಟ್ರೋದಲ್ಲಿ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟುಗಳ ವಿದ್ಯುತ್ತು ಹರಿಯುತ್ತಿರುತ್ತದೆ.

ಪಾರ್ಸಲು ರೈಲು ಕೆಟ್ಟಾಗ ಇದರ ಮೇಲೆ ಇನ್ನೊಂದು ಕಷ್ಟವು ಸೇರುತ್ತದೆ. ಮನುಷ್ಯರು ನಡೆದು ಹೋಗಬಲ್ಲರು, ಮೂಟೆಗಳಿಗೆ ಕಾಲಿಲ್ಲ. ಪಂಜರಗಳು ಜಾರಿ ಬಾಗಿಲಿಗೆ ಅಡ್ಡವಾಗಿದ್ದರೆ ದುರಸ್ತಿಗೆ ಬಂದವನು ಒಳಹೊಗುವುದೂ ಪ್ರಯಾಸ. ಹಾಲು, ಹೂವು, ತಂಪಿನಲ್ಲಿಡಬೇಕಾದ ಔಷಧಗಳು ಕಾಯಲಾರವು. ಆದುದರಿಂದ ಯಾವ ಪಂಜರದಲ್ಲಿ ಏನಿದೆ ಎಂಬ ಪಟ್ಟಿಯು ನಿಯಂತ್ರಣ ಕೊಠಡಿಯಲ್ಲಿರಬೇಕು. ಯಾವುದನ್ನು ಮೊದಲು ಇಳಿಸಬೇಕೆಂಬುದು ಮುಂಚೆಯೇ ಗೊತ್ತಾಗಿರಬೇಕು. ಇಳಿಸಿದ್ದನ್ನು ಮುಂದಕ್ಕೆ ಒಯ್ಯಲು ರಸ್ತೆಯ ವಾಹನವು ಸಿದ್ಧವಿರಬೇಕು.

ಕಾಲಕ್ಕೆ ಸರಿಯಾಗಿ ಮುಟ್ಟುವುದರ ಬೆಲೆ ಎಷ್ಟೆಂಬುದು ನಮ್ಮ ಊರಿನಲ್ಲಿಯೇ ಕಂಡುಬಂದಿದೆ. 2025ರ ಆಗಸ್ಟ್ 1ರ ರಾತ್ರಿ, ದಾನಿಯೊಬ್ಬರ ಯಕೃತ್ತನ್ನು ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿನಗರಕ್ಕೆ, ಸುಮಾರು 31 ಕಿಲೋಮೀಟರು ದೂರ, ನೇರಳೆ ಮಾರ್ಗದ ರೈಲಿನಲ್ಲಿ ವೈದ್ಯರು ಕೊಂಡೊಯ್ದರು. ಒಂದು ಗಂಟೆಗೆ ತುಸು ಹೆಚ್ಚು ಕಾಲ ಹಿಡಿಯಿತು. ಅದಕ್ಕಾಗಿ ವಿಶೇಷ ರೈಲನ್ನು ಬಿಡಲಿಲ್ಲ. ಎಂದಿನ ರೈಲಿನಲ್ಲಿಯೇ ಒಂದು ಪೆಟ್ಟಿಗೆ ಹೋಯಿತು. ರೈಲು ನಡುವೆ ಕೆಟ್ಟಿದ್ದರೆ ರೋಗಿಯೊಬ್ಬರ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು.

ಇದರಿಂದ ನಾವು ತಿಳಿಯತಕ್ಕ ನೀತಿ ಸರಳವಾಗಿದೆ. ಹಳದಿ ಮಾರ್ಗವು ಕೇವಲ ಮೂರು ರೈಲುಗಳೊಡನೆ ಮೊದಲಾಗಿ, ಆರಂಭದಲ್ಲಿ 25 ನಿಮಿಷಗಳಿಗೊಂದು ರೈಲು ಓಡಿತು. ಅಂಥ ಸ್ಥಿತಿಯಲ್ಲಿ ಒಂದು ಕೆಟ್ಟರೆ ಸೇವೆಯ ಮೂರನೆಯ ಒಂದು ಭಾಗವೇ ಹೋದಂತೆ. ಮೊದಲು ಜನರಿಗೆ ಸಾಕಾಗುವಷ್ಟು ರೈಲುಗಳು, ಬಳಿಕ ಕೆಟ್ಟಾಗ ಒದಗುವ ಹೆಚ್ಚುವರಿ ರೈಲು, ಅದಾದ ಮೇಲೆಯೇ ಪಾರ್ಸಲಿನ ರೈಲು ಎಂಬ ಕ್ರಮವೇ ಯುಕ್ತ. ಅಲ್ಲಿಯ ತನಕ ನಡುಹಗಲಿನಲ್ಲಿ ಕೊನೆಯ ಗಾಡಿಯ ಒಂದು ಮೂಲೆಯಲ್ಲಿ ಕೆಲವು ಪೆಟ್ಟಿಗೆಗಳನ್ನು ಸಾಗಿಸಿ ಪರೀಕ್ಷಿಸಬಹುದು. ಆಗ ಚೀಲ ಹೊತ್ತ ಯುವಕನು ಸಿಲ್ಕ್ ಬೋರ್ಡನ್ನು ದಾಟದೆ, ಜಯನಗರದ ನಿಲ್ದಾಣದಿಂದ ನಮ್ಮ ಬೀದಿಯ ವರೆಗೆ ಮಾತ್ರ ಬಂದರೆ ಸಾಕು. ಅವನ ಸಂಪಾದನೆ ತಗ್ಗದಂತೆ ನೋಡಿಕೊಳ್ಳುವುದೂ ಏರ್ಪಾಡು ಮಾಡುವವರ ಹೊಣೆ.

ಗೃಹಸ್ಥರ ಪಾಲಿನ ಕರ್ತವ್ಯವೂ ಒಂದುಂಟು. ಹತ್ತು ನಿಮಿಷದಲ್ಲಿಯೇ ಬೇಕಾದದ್ದು ಯಾವುದು, ಸಂಜೆಗೆ ಬಂದರೆ ಸಾಕಾದದ್ದು ಯಾವುದು ಎಂದು ತರಿಸಿಕೊಳ್ಳುವ ಮೊದಲು ಮನೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಬೇಕು. ಜ್ವರದ ಮಾತ್ರೆಗೆ ಅವಸರವುಂಟು. ಮುಂದಿನ ತಿಂಗಳ ಮದುವೆಗೆಂದು ತರಿಸುವ ಸೀರೆಗೆ ಅಷ್ಟು ಅವಸರವಿಲ್ಲ.