ಆಗದ ಘಟನೆಗೆ ಸಾಕ್ಷಿಯಾದ ಮೆಟ್ಟಿಲುಗಳು

‘ಅಂತಸ್ತು’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಒಂದು ಕಟ್ಟಡದ ಮಹಡಿ, ಇನ್ನೊಂದು ಸಮಾಜದಲ್ಲಿ ಮನುಷ್ಯನ ಸ್ಥಾನಮಾನ. ಚಲನಚಿತ್ರ ನಿರ್ದೇಶಕರಿಗೆ ಮೆಟ್ಟಿಲುಗಳ ಮೇಲಿರುವ ಮೋಹಕ್ಕೆ ಕಾರಣ ಈ ಎರಡು ಅರ್ಥಗಳ ನಡುವೆಯೇ ಇದೆ. ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ, ಯಾರು ಏರುತ್ತಿದ್ದಾರೆ, ಯಾರು ಬೀಳುತ್ತಿದ್ದಾರೆ ಎಂಬುದನ್ನು ಮಾತಿಲ್ಲದೆ ತೋರಿಸಲು ಮೆಟ್ಟಿಲು ಸಾಕು. ಸ್ವಾರಸ್ಯವೆಂದರೆ, ಪ್ರೇಕ್ಷಕರ ನೆನಪಿನಲ್ಲಿ ಉಳಿದ ಹಲವು ಮೆಟ್ಟಿಲುಗಳು ತೆರೆಯ ಮೇಲೆ ಕಂಡಂತೆ ನೆಲದ ಮೇಲೆ ಎಲ್ಲೂ ಇಲ್ಲ.

ಇವುಗಳಲ್ಲಿ ಹಿರಿಯದು ಉಕ್ರೇನಿನ ಒಡೆಸ್ಸಾ ಬಂದರಿನದು. ನಗರದಿಂದ ಕಪ್ಪು ಸಮುದ್ರದ ದಡಕ್ಕೆ ಇಳಿಯಲು 1837ರಿಂದ 1841ರವರೆಗೆ ಕಟ್ಟಿದ ಈ ಸೋಪಾನದಲ್ಲಿ ಈಗ 192 ಮೆಟ್ಟಿಲುಗಳಿವೆ. ಅದರ ಅಗಲ ತುದಿಯಲ್ಲಿ ಸುಮಾರು 12.5 ಮೀಟರ್, ಬುಡದಲ್ಲಿ 21.7 ಮೀಟರ್. ಹೀಗಾಗಿ ಕೆಳಗಿನಿಂದ ನೋಡಿದರೆ ಅದು ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಇನ್ನೊಂದು ಚಮತ್ಕಾರವೂ ಇದೆ. ಕೆಳಗೆ ನಿಂತವರಿಗೆ ಬರೀ ಮೆಟ್ಟಿಲುಗಳೇ ಕಾಣುತ್ತವೆ. ಮೇಲೆ ನಿಂತವರಿಗೆ ನಡುನಡುವೆ ಬಿಟ್ಟಿರುವ ಸಮತಟ್ಟು ಜಾಗಗಳು ಮಾತ್ರ ಕಾಣುತ್ತವೆ.

1925ರಲ್ಲಿ ಸೆರ್ಗೇಯ್ ಐಸೆನ್‌ಸ್ಟೈನ್ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರಕ್ಕಾಗಿ ಇಲ್ಲಿ ಕ್ಯಾಮೆರಾ ಇಟ್ಟಾಗ ಅವರ ವಯಸ್ಸು 27. ಕಥಾವಸ್ತು 1905ರ ನಾವಿಕರ ದಂಗೆ. ಝಾರ್ ದೊರೆಯ ಸೈನಿಕರು ಸಾಲುಗಟ್ಟಿ ಮೆಟ್ಟಿಲಿಳಿಯುತ್ತಾ ಜನರತ್ತ ಗುಂಡು ಹಾರಿಸುತ್ತಾರೆ. ಗಾಯಗೊಂಡ ಮಗನನ್ನೆತ್ತಿಕೊಂಡ ತಾಯಿಯೊಬ್ಬಳು ಬಂದೂಕುಗಳಿಗೆ ಎದುರಾಗಿ ಮೆಟ್ಟಿಲು ಹತ್ತುತ್ತಾಳೆ. ಮಗುವಿರುವ ತಳ್ಳುಗಾಡಿಯೊಂದು ಹಿಡಿಯುವವರಿಲ್ಲದೆ ಉರುಳುತ್ತದೆ. ಕೆಲವು ಕ್ಷಣಗಳಲ್ಲಿ ಮುಗಿಯಬೇಕಾದ ಓಟ ತುಣುಕು ತುಣುಕುಗಳ ಜೋಡಣೆಯಿಂದ ಹಲವು ನಿಮಿಷ ಮುಂದುವರಿಯುತ್ತದೆ. ಎಷ್ಟು ಓಡಿದರೂ ಮೆಟ್ಟಿಲು ಮುಗಿಯುವುದಿಲ್ಲ!

1905ರ ಜೂನ್‌ನಲ್ಲಿ ಒಡೆಸ್ಸಾದಲ್ಲಿ ರಕ್ತ ಹರಿದದ್ದು ನಿಜ. ಬಂದರು ಹೊತ್ತಿ ಉರಿಯಿತು. ಸೈನಿಕರ ಗುಂಡಿಗೆ ಬಹಳ ಜನ ಬಲಿಯಾದರು. ಆದರೆ ಮೆಟ್ಟಿಲುಗಳ ಮೇಲೆ ತೆರೆಯಲ್ಲಿ ಕಾಣುವ ಹತ್ಯಾಕಾಂಡ ನಿರ್ದೇಶಕರ ಕಲ್ಪನೆ. ಆ ಕಲ್ಪನೆಗೆ ಸರ್ಕಾರಗಳೂ ಅಂಜಿದವು. ಬ್ರಿಟನ್ನಿನಲ್ಲಿ ಚಿತ್ರದ ಮೇಲಿನ ನಿಷೇಧ ತೆರವಾದದ್ದು 1954ರಲ್ಲಿ.

ಒಡೆಸ್ಸಾದಲ್ಲಿ ಮೆಟ್ಟಿಲು ನಿಜ, ಘಟನೆ ಕಲ್ಪಿತ. ಆಲ್‌ಫ್ರೆಡ್ ಹಿಚ್‌ಕಾಕ್‌ರ ‘ವರ್ಟಿಗೊ’ (1958) ಚಿತ್ರದಲ್ಲಿ ಮೆಟ್ಟಿಲೇ ಕಲ್ಪಿತ. ಎತ್ತರಕ್ಕೆ ಹೆದರುವ ನಾಯಕ ಚರ್ಚಿನ ಗಂಟೆಗೋಪುರ ಹತ್ತುವ ದೃಶ್ಯ ಅದರ ಜೀವಾಳ. ಕ್ಯಾಲಿಫೋರ್ನಿಯಾದ ಸಾನ್ ಹ್ವಾನ್ ಬೌಟಿಸ್ಟಾದಲ್ಲಿರುವ ಆ ಚರ್ಚು ನಿಜವಾದದ್ದೇ. ಆದರೆ ಚಿತ್ರೀಕರಣದ ವೇಳೆಗೆ ಅದಕ್ಕೆ ಅಂಥ ಗೋಪುರವಿರಲಿಲ್ಲ. ತೆರೆಯ ಮೇಲಿನ ಗೋಪುರ ಚಿತ್ರಕಾರರ ಕೈಚಳಕ. ಒಳಗಿನ ಮೆಟ್ಟಿಲು ಸ್ಟುಡಿಯೊದ ಸೆಟ್. ನಾಯಕ ಕೆಳಗೆ ಬಗ್ಗಿ ನೋಡಿದಾಗ ಪಾತಾಳವೇ ಬಾಯ್ತೆರೆದಂತೆ ಕಾಣುವುದಕ್ಕೆ ಮೆಟ್ಟಿಲಿನ ಪುಟ್ಟ ಮಾದರಿಯನ್ನು ನೆಲದ ಮೇಲೆ ಅಡ್ಡ ಮಲಗಿಸಲಾಯಿತು. ಕ್ಯಾಮೆರಾವನ್ನು ಚಲಿಸುತ್ತಾ, ಅದೇ ಹೊತ್ತಿಗೆ ಝೂಮ್ ಲೆನ್ಸನ್ನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಬಳಸಲಾಯಿತು. ಕೆಲವೇ ಕ್ಷಣಗಳ ಈ ದೃಶ್ಯಕ್ಕೆ ತಗುಲಿದ ವೆಚ್ಚ 19 ಸಾವಿರ ಡಾಲರ್. ತಲೆಸುತ್ತನ್ನು ತೋರಿಸುವ ಈ ಉಪಾಯವನ್ನು ಆಮೇಲೆ ಎಷ್ಟೋ ನಿರ್ದೇಶಕರು ಅನುಸರಿಸಿದರು.

ಇನ್ನು ಕೊರಿಯದ ಬಾಂಗ್ ಜೂನ್-ಹೊ ನಿರ್ದೇಶಿಸಿದ ‘ಪ್ಯಾರಾಸೈಟ್’ (2019). ಇಲ್ಲಿ ಸಿರಿವಂತರ ಮನೆ ಗುಡ್ಡದ ಮೇಲೆ, ಬಡವರ ಮನೆ ಅರ್ಧ ನೆಲದೊಳಗೆ. ಸುರಿವ ಮಳೆಯಲ್ಲಿ ಬಡ ಕುಟುಂಬ ಮನೆಯ ಕಡೆ ಓಡುವಾಗ ಮೆಟ್ಟಿಲ ಮೇಲೆ ಮೆಟ್ಟಿಲು ಇಳಿಯುತ್ತಲೇ ಹೋಗುತ್ತದೆ; ನೀರೂ ಅವರ ಜೊತೆಗೇ ಇಳಿಯುತ್ತದೆ. ಮೇಲಿನವರಿಗೆ ಹಿತವಾದ ಮಳೆ ಕೆಳಗಿನವರ ಮನೆ ಮುಳುಗಿಸುತ್ತದೆ. ಆ ಇಳಿದಾರಿಯೂ ಒಂದೇ ದಾರಿಯಲ್ಲ. ಬೇರೆಬೇರೆ ಕಡೆ ಚಿತ್ರೀಕರಿಸಿ ಹೊಲಿದು ಜೋಡಿಸಿದ್ದು. ಬಡವರ ಬೀದಿಯನ್ನು ಕಟ್ಟಿದ್ದು ಸ್ಟುಡಿಯೊದ ನೀರಿನ ತೊಟ್ಟಿಯೊಳಗೆ. ಎರಡು ಮನೆಗಳ ನಡುವಿನ ದೂರ ಯಾವ ನಕ್ಷೆಯಲ್ಲೂ ಸಿಗದು, ಆದರೆ ಸಮಾಜದಲ್ಲಿ ಆ ದೂರ ಇದ್ದೇ ಇದೆ.

ಹಾಗಾದರೆ ಇವೆಲ್ಲ ಬರೀ ಕಣ್ಕಟ್ಟೇ? ಪೂರ್ತಿ ಹಾಗೆನ್ನಲಾಗದು. ಭಯಕ್ಕೆ ಎಷ್ಟು ಆಳ, ಬಡತನಕ್ಕೆ ಎಷ್ಟು ಇಳಿಜಾರು ಎಂದು ಅಳೆಯಲು ಅಳತೆಪಟ್ಟಿಯಿಲ್ಲ. ನಿರ್ದೇಶಕರು ಅದಕ್ಕೊಂದು ಮೆಟ್ಟಿಲು ಕಟ್ಟುತ್ತಾರೆ. ಆದರೆ ತೆರೆಯ ಮೇಲೆ ಕಂಡದ್ದನ್ನೇ ಇತಿಹಾಸವೆಂದು ನಂಬುವ ಮುನ್ನ ನೋಡುಗ ಒಂದು ಕ್ಷಣ ನಿಲ್ಲುವುದು ಒಳ್ಳೆಯದು. ಚಿತ್ರ ಬಂದ 30 ವರ್ಷಕ್ಕೆ, 1955ರಲ್ಲಿ, ಒಡೆಸ್ಸಾದ ಸೋಪಾನಕ್ಕೆ ‘ಪೊಟೆಮ್ಕಿನ್’ ಎಂದು ಹೆಸರಿಡಲಾಯಿತು. ಉಕ್ರೇನ್ ಸ್ವತಂತ್ರವಾದ ಮೇಲೆ ‘ಕಡಲತೀರದ ಮೆಟ್ಟಿಲು’ ಎಂಬರ್ಥದ ಹಳೆಯ ಹೆಸರು ಮರಳಿತು. ಜಗತ್ತಿನ ಬಾಯಲ್ಲಿ ಮಾತ್ರ ಇಂದಿಗೂ ಉಳಿದಿರುವುದು ಸಿನಿಮಾದ ಹೆಸರೇ.