ಮೇಕೆದಾಟಿನ ದಾರಿಯಲ್ಲಿ ಹಕ್ಕಿಗಳ ಬೆಳಗು

ಬೆಂಗಳೂರಿನಿಂದ ಕನಕಪುರದ ಮಾರ್ಗವಾಗಿ ಸುಮಾರು 90 ಕಿಲೋಮೀಟರ್ ಪಯಣಿಸಿದರೆ ಸಂಗಮ. ಅರ್ಕಾವತಿಯು ಕಾವೇರಿಯನ್ನು ಕೂಡಿಕೊಳ್ಳುವುದು ಇಲ್ಲಿಯೇ. ಅಲ್ಲಿಂದ ಹೊಳೆಯ ಜೊತೆಯಲ್ಲಿ 4 ಕಿಲೋಮೀಟರ್ ಸಾಗಿದರೆ, ಅಷ್ಟು ಹೊತ್ತು ವಿಶಾಲವಾಗಿ ಹರಿದುಬಂದ ಕಾವೇರಿಯು ಮೈ ಮುದುಡಿಕೊಂಡು ಕಗ್ಗಲ್ಲಿನ ಕಂದರದೊಳಗೆ ನುಗ್ಗುವ ಮೇಕೆದಾಟು. ಹೆಸರಿನ ಕಥೆ ಎಲ್ಲರೂ ಬಲ್ಲದ್ದೇ. ಮೇಕೆ ಹಾರಿತೋ ಇಲ್ಲವೋ, ಮನುಷ್ಯರಂತೂ ಆ ಸಾಹಸಕ್ಕೆ ಕೈಹಾಕಬಾರದು. ನುಣುಪಾದ ಬಂಡೆಗಳಿಂದ ಜಾರಿ ಇಲ್ಲಿ ಪ್ರಾಣ ಕಳೆದುಕೊಂಡವರು ಅನೇಕರು.

ಬಹುಮಂದಿ ಇಲ್ಲಿಗೆ ಬರುವುದು ಬುತ್ತಿಯ ಗಂಟಿನೊಡನೆ, ನಡುಹಗಲಿಗೆ. ಹಕ್ಕಿಗಳನ್ನು ಕಾಣಬೇಕೆನ್ನುವವರಿಗೆ ಆ ಹೊತ್ತು ನಿಷ್ಪ್ರಯೋಜಕ. ಬೇಸಗೆಯ ಮೊದಲ ತಿಂಗಳುಗಳಲ್ಲಿ, ಬಿಸಿಲು ಕಂದರಕ್ಕಿಳಿಯುವ ಮುನ್ನವೇ ಹೊರಡುವುದು ಮೇಲು. ಸುತ್ತಲಿನ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮ. ಆನೆಗಳು ನೀರಿಗಿಳಿಯುವ ತಾಣವಾದುದರಿಂದ ಅರಣ್ಯ ಸಿಬ್ಬಂದಿಯನ್ನು ಕೇಳದೆ ಹೆಜ್ಜೆಯಿಡುವುದು ಸಲ್ಲದು.

ಮೊದಲು ಕಿವಿಗೆ ಬೀಳುವುದು ಕುಟ್ರುಹಕ್ಕಿಯ ಬಿಡದ ಕೂಗು. ಆಮೇಲೆ ಕಣ್ಣಿಗೆ ಒಂದೊಂದೇ ಗೋಚರಿಸುತ್ತವೆ: ನೀರಿನ ನಡುವಣ ಬಂಡೆಯ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆ, ಗಾಳಿಯಲ್ಲಿ ಒಂದೆಡೆಯೇ ರೆಕ್ಕೆ ಬಡಿಯುತ್ತ ನಿಂತು, ಕಲ್ಲೆಸೆದಂತೆ ಹೊಳೆಗೆ ಬೀಳುವ ಕಪ್ಪುಬಿಳಿ ಮಿಂಚುಳ್ಳಿ. ದಡದ ಹೊಳೆಮತ್ತಿ ಮರದ ಎತ್ತರದ ಕೊಂಬೆಯಲ್ಲಿ ಬೂದು ತಲೆಯ ಮೀನುಗಿಡುಗ ಕುಳಿತಿದ್ದರೆ ಆ ದಿನದ ಪ್ರಯಾಣ ಸಾರ್ಥಕವೆಂದೇ ಹೇಳಬೇಕು. ಬಂಡೆಗುಡ್ಡಗಳ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತವನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲದ ಈ ಹಕ್ಕಿ ಬಲು ಸಂಕೋಚದ್ದು. ದನಿ ಕೇಳಿಸಿ ಮರೆಯಾಗುವುದೇ ಹೆಚ್ಚು.

ಆದರೆ ನಿಜವಾಗಿ ಹೊಳೆಯನ್ನೇ ನಂಬಿ ಬಾಳುವುದು ರೀವ. ಬೂದು ಮೈ, ಕಪ್ಪು ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಇದು ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ನೀರು ತಗ್ಗಿ ಮರಳುದಿಣ್ಣೆಗಳೂ ಬಂಡೆಗಳೂ ಮೇಲೆದ್ದಾಗ, ಬರಿಯ ನೆಲದ ಸಣ್ಣ ಗುಳಿಯಲ್ಲಿ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಮರಳು ಕಾದಾಗ ತಾಯಿತಂದೆಗಳು ಹೊಳೆಗೆ ಹಾರಿ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುವುದುಂಟು. ಮೇಲಿನ ಅಣೆಕಟ್ಟಿನಿಂದ ಅಕಾಲದಲ್ಲಿ ನೀರು ಬಿಟ್ಟರೆ ಒಂದು ಋತುವಿನ ಸಂಸಾರವೆಲ್ಲ ಕೊಚ್ಚಿಹೋದಂತೆಯೇ. ರೀವವನ್ನು ಇಂದು ಜಗತ್ತಿನ ಅಪಾಯದಂಚಿನ ಹಕ್ಕಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಇಲ್ಲಿ ಪಟ್ಟಣಿಗರಾದ ನಮ್ಮ ಪಾತ್ರವೂ ಇದೆ. ನಾವು ಬೆಂಗಳೂರಿನಲ್ಲಿ ಕುಡಿಯುವ ಕಾವೇರಿಯನ್ನು ಮಳವಳ್ಳಿ ಸೀಮೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳು ಎತ್ತಿ ತರುತ್ತವೆ. ನಾವು ಬಳಸಿ ಚೆಲ್ಲಿದುದರಲ್ಲಿ ಒಂದು ಪಾಲು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ ಇಳಿದು ಇದೇ ಸಂಗಮದಲ್ಲಿ ಕಾವೇರಿಯನ್ನು ಮತ್ತೆ ಕೂಡುತ್ತದೆ. ಇಷ್ಟು ಸುತ್ತಿ ಬಂದ ನೀರಿನಲ್ಲಿಯೇ ಮಿಂಚುಳ್ಳಿಯ ಬೇಟೆ!

ಮೇಕೆದಾಟಿನ ಬಳಿ ಸುಮಾರು 67 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವನ್ನು ಕಟ್ಟುವ ಪ್ರಸ್ತಾವ ಬಹುಕಾಲದಿಂದಲೂ ಇದೆ. ಬೆಂಗಳೂರಿನ ನೀರಡಿಕೆ ಸುಳ್ಳಲ್ಲ. ಬೇಸಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತ ಗೃಹಿಣಿಗೆ ಹಕ್ಕಿಯ ಮಾತು ಹೇಳಲು ಯಾರಿಗೂ ನಾಲಗೆ ಏಳದು. ಆದರೂ ಅಣೆಕಟ್ಟು ಎದ್ದರೆ ಸಂಗಮವೂ ವನ್ಯಧಾಮದ ಒಂದು ಭಾಗವೂ ಮುಳುಗುತ್ತವೆಂಬುದನ್ನು ಲೆಕ್ಕದಿಂದ ಬಿಡಲಾಗದು.

ಜಲಾಶಯದಲ್ಲಿ ರೀವ ಬದುಕದೇ ಎಂದು ಕೇಳಬಹುದು. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಅವು ದೊಡ್ಡ ಗುಂಪಿನಲ್ಲಿ ಮರಿಮಾಡುವುದು ಪ್ರಸಿದ್ಧವಾಗಿದೆ. ಅಲ್ಲಿಯೂ ಬೇಸಗೆಯಲ್ಲಿ ನೀರು ಇಳಿದು ನೆಲ ತೋರಿದರೆ ಮಾತ್ರ ಅವಕ್ಕೆ ಎಡೆ. ಮೀನುಗಿಡುಗನ ಪಾಡೇ ಬೇರೆ: ಅದಕ್ಕೆ ದಡದ ಹಳೆಯ ಮತ್ತಿಮರಗಳೇ ಬೇಕು, ಅವು ವರ್ಷಗಟ್ಟಲೆ ಆಳದ ನೀರಿನೊಳಗೆ ನಿಂತು ಬದುಕಲಾರವು.